ತುಟಿ ಮೇಲೆ ಗಾಯವಿದ್ದ ಮನುಷ್ಯ

ಪೆರುವಿನ ರಾಜಧಾನಿ ಲಿಮಾಕ್ಕೆ ಹೋದರೆ ಲಾರ್ಕೊ ಮ್ಯೂಸಿಯಂನ ಗೋದಾಮು ನೋಡದೆ ಬರಬೇಡಿ. ಹೌದು, ಗೋದಾಮೇ. ಅಲ್ಲಿಗೂ ನಮ್ಮನ್ನು ಬಿಡುತ್ತಾರೆ. ಕಪಾಟಿನ ತುಂಬ ಸಾವಿರಾರು ಮಡಕೆಗಳು. ಗೂಬೆಯೂ ಹೂಜಿ, ಕಪ್ಪೆಯೂ ಹೂಜಿ, ಕೊನೆಗೆ ಆಲೂಗಡ್ಡೆಯೂ ಹೂಜಿಯೇ!

ನಾನು ಜಾಸ್ತಿ ಹೊತ್ತು ನಿಂತಿದ್ದು ಮೋಚೆ ಜನರ ಮುಖದ ಹೂಜಿಗಳ ಮುಂದೆ. ಪೆರುವಿನ ಉತ್ತರ ಕರಾವಳಿಯಲ್ಲಿ ಸುಮಾರು ಕ್ರಿ.ಶ. 100ರಿಂದ 800ರವರೆಗೆ ಬಾಳಿದವರು ಇವರು. ಇವರಲ್ಲಿ ತಿಗರಿ ಇರಲಿಲ್ಲ. ಎರಡು ಹೋಳಿನ ಅಚ್ಚಿಗೆ ಜೇಡಿಮಣ್ಣು ಒತ್ತಿ, ಆಮೇಲೆ ಹೋಳು ಕೂಡಿಸುತ್ತಿದ್ದರು. ಮೇಲೆ ಕೆಂಪು, ಕೆನೆಬಣ್ಣದ ಲೇಪ. ನೆತ್ತಿಯಿಂದ ಎರಡು ಕೊಳವೆ ಬಾಗಿ ಮೇಲೆದ್ದು ಒಂದೇ ಬಾಯಿಗೆ ಸೇರುತ್ತವೆ.

ಒಬ್ಬನಿಗಂತೂ ತುಟಿಯ ಮೇಲೆ ಗಾಯದ ಕಲೆ. ಆ ಕಲೆಯನ್ನೇ ಹಿಡಿದು ಪುರಾತತ್ವಜ್ಞ ಕ್ರಿಸ್ಟೋಫರ್ ಡಾನನ್ ಅವನ ಮುಖವಿರುವ 40ಕ್ಕೂ ಹೆಚ್ಚು ಹೂಜಿಗಳನ್ನು ಪತ್ತೆ ಹಚ್ಚಿದರು. ಚಿಕ್ಕ ಹುಡುಗನಿಂದ ಹಿಡಿದು ಮೂವತ್ತು ದಾಟಿದ ಗಂಡಸಿನವರೆಗೆ, ಅದೇ ಮುಖ! ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ, ಮೋಚೆಯವರು ಬರಹ ಬಿಟ್ಟುಹೋಗಿಲ್ಲ ನೋಡಿ.

ಕಾಮದ ಹೂಜಿಗಳಿಗೆ ಅಲ್ಲಿ ಬೇರೆಯೇ ಗ್ಯಾಲರಿ ಇದೆ. ಅಮ್ಮ ಜೊತೆಗಿದ್ದರು, ಸುಮ್ನೆ ಕಾಫಿ ಕುಡಿಯೋಣ ಅಂದೆ. ‘ನೀನು ಕುಡಿ, ನಾನು ನೋಡಿ ಬರ್ತೀನಿ’ ಅಂತ ಹೊರಟೇಬಿಟ್ಟರು.