ಬಿಪಿ ಇಳಿಯದಿದ್ದರೆ ಮನೆಯ ಚೀಲ ತರಿಸಿ

ನಮ್ಮ ಆಸ್ಪತ್ರೆಯ ಸಾಫ್ಟ್‌ವೇರಿನ ಮೆಡಿಕೇಶನ್ ಹಿಸ್ಟರಿ ಪುಟದಲ್ಲಿ ಡ್ರಗ್ ಮಾಸ್ಟರ್ ಎಂಬ ಔಷಧಿ ಪಟ್ಟಿಯಲ್ಲಿಲ್ಲದ ಹೆಸರು ಹೊಡೆದರೆ ಸೇವ್ ಆಗುವುದಿಲ್ಲ. ಗಿಡಮೂಲಿಕೆಯ ಪುಡಿ, ಕಷಾಯ, ಕ್ಯಾಪ್ಸೂಲ್ ಏನೇ ಇರಲಿ, ರಿಮಾರ್ಕ್ಸ್‌ನಲ್ಲಿ ತುರುಕಬೇಕು. ಆ ರಿಮಾರ್ಕ್ಸ್ ಪ್ರಿಂಟಿನಲ್ಲೂ ಬರುವುದಿಲ್ಲ, ಆರ್ಡರ್ ಬರೆಯುವ ಡಾಕ್ಟರ ಸ್ಕ್ರೀನಿನಲ್ಲೂ ಕಾಣುವುದಿಲ್ಲ. ಇದನ್ನು ಮೀಟಿಂಗಿನಲ್ಲಿ ಎತ್ತಿದಾಗಲೆಲ್ಲ ‘ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ’ ಎಂಬ ಉತ್ತರ. ಇದರಿಂದ ಒಬ್ಬ ತಾಯಿಯ ಪ್ರಾಣಕ್ಕೇ ಸಂಚಕಾರ ಬರುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಅರವತ್ತು ದಾಟಿದವರು. ಅಮ್ಲೋಡಿಪಿನ್, ಟೆಲ್ಮಿಸಾರ್ಟನ್, ಮೆಟೊಪ್ರೊಲಾಲ್ ಎಂಬ ಮೂರು ಬಿಪಿ ಮಾತ್ರೆ ನಡೆಯುತ್ತಿದ್ದರೂ ಬಿಪಿ 184/106. ಕಾಲಲ್ಲಿ ಶಕ್ತಿಯೇ ಇಲ್ಲ, ಮೆಟ್ಟಿಲು ಹತ್ತಲಾಗುತ್ತಿಲ್ಲ ಎಂದು ಅಡ್ಮಿಟ್ ಆಗಿದ್ದರು. ರೌಂಡ್ಸ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಮಾತ್ರೆ ಸರಿಯಾಗಿ ನುಂಗುತ್ತಿಲ್ಲ. “ಒಂದು ಹೊತ್ತೂ ತಪ್ಪಿಸಿಲ್ಲಪ್ಪ” ಎಂದು ಅವರು ಹೇಳುತ್ತಲೇ ಇದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ರೌಂಡ್ಸ್ ಮುಗಿಯುವ ಹೊತ್ತಿಗೆ ಕ್ಲೋರ್ಥಾಲಿಡೋನ್ ಎಂಬ ನಾಲ್ಕನೇ ಬಿಪಿ ಮಾತ್ರೆ ಸೇರಿಸಿದ ಆರ್ಡರ್, ಔಷಧಿ ಕೊಡುವ ಮುನ್ನ ಪರಿಶೀಲಿಸುವ ನನ್ನ ವೆರಿಫೈ ಕ್ಯೂಗೆ ಬಂದು ಕೂತಿತ್ತು.

ಆರ್ಡರ್ ತೆರೆದಿದ್ದೆ, ಅಷ್ಟರಲ್ಲಿ ಲ್ಯಾಬಿನಿಂದ ಕ್ರಿಟಿಕಲ್ ಕಾಲ್. ಪೊಟ್ಯಾಶಿಯಂ 2.6. ಇರಬೇಕಾದದ್ದು 3.5ರಿಂದ 5. ಕ್ಲೋರ್ಥಾಲಿಡೋನ್ ಮೂತ್ರದ ಜೊತೆ ಪೊಟ್ಯಾಶಿಯಂ ಅನ್ನೂ ಹೊರಗೆ ತಳ್ಳುವ ಮಾತ್ರೆ. ಇನ್ನಷ್ಟು ಕುಸಿದರೆ ಹೃದಯದ ಲಯವೇ ಕೆಡುತ್ತದೆ. ಹೋಲ್ಡ್ ಒತ್ತಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ.

“ಬಿಪಿ ಎಷ್ಟಿದೆ ನೋಡಿದ್ರಾ? ಆರ್ಡರ್ ಯಾಕೆ ನಿಲ್ಲಿಸಿದ್ದೀರಿ?”

“ಸರ್, ಪೊಟ್ಯಾಶಿಯಂ 2.6 ಬಂದಿದೆ. ಒಂದ್ಸಲ ಇಸಿಜಿ ನೋಡಿಬಿಡಿ.”

ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗಿತ್ತು, ಅದರ ಹಿಂದೆ ಯು ಅಲೆ ಎದ್ದು ಕಾಣುತ್ತಿತ್ತು, ಪೊಟ್ಯಾಶಿಯಂ ಕುಸಿದಿದ್ದರ ಗುರುತು. ಮಾನಿಟರ್ ಹಾಕಿಸಿ, ಪೊಟ್ಯಾಶಿಯಂ ಕ್ಲೋರೈಡ್ ಡ್ರಿಪ್ ಅನ್ನು ಗಂಟೆಗೆ 10 ಎಂಇಕ್ಯೂ (ಪೊಟ್ಯಾಶಿಯಂ ಅಳೆಯುವ ಮಾನ) ಮೀರದಂತೆ ಶುರು ಮಾಡಿದರು. ಮೆಗ್ನೀಶಿಯಂಗೂ ರಕ್ತ ಕಳಿಸಿದರು.

ಡ್ರಿಪ್ ಹನಿಯುತ್ತಿದ್ದಾಗ ಲೆಕ್ಕ ಮಾತ್ರ ತಾಳೆಯಾಗುತ್ತಿರಲಿಲ್ಲ. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಶಿಯಂ ಏರುವ ಭಯ ಇರುತ್ತದೆಯೇ ಹೊರತು ಹೀಗೆ ಪಾತಾಳಕ್ಕೆ ಇಳಿಯುವುದಿಲ್ಲ. ಹಾಗಾದರೆ ನುಂಗಿಯೇ ಇಲ್ಲ ಎಂಬ ಅನುಮಾನ ಇನ್ನೂ ಗಟ್ಟಿಯಾಯಿತು, ನನಗೂ ಕೂಡ. ಆದರೆ ಮಾತ್ರೆ ಬಿಟ್ಟರೆ ಬಿಪಿ ಏರುತ್ತದೆ, ಸರಿ. ಪೊಟ್ಯಾಶಿಯಂ ಯಾಕೆ ಇಳಿಯಬೇಕು? ವಾಂತಿ ಇಲ್ಲ, ಭೇದಿ ಇಲ್ಲ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಇರಬಹುದೆಂದು, ಉಪ್ಪುನೀರನ್ನು ಹಿಡಿದಿಡುವ ಹಾರ್ಮೋನು ಆಲ್ಡೋಸ್ಟಿರೋನ್, ಅದನ್ನು ಪ್ರಚೋದಿಸುವ ರೆನಿನ್ ಎರಡರ ಪರೀಕ್ಷೆಗೂ ರಕ್ತ ಕಳಿಸಿ ಸಿಟಿ ಸ್ಕ್ಯಾನಿನ ಮಾತೂ ಆಡುತ್ತಿದ್ದರು.

ಮನೆಯಲ್ಲಿರುವ ಮಾತ್ರೆ ಚೀಲವನ್ನು ಹಾಗ್‌ಹಾಗೇ ತರಲು ಅವರ ಮಗನಿಗೆ ಹೇಳಿದೆ. ಸ್ಟ್ರಿಪ್ಪುಗಳನ್ನು ಕೊಂಡ ದಿನಾಂಕದಿಂದ ಎಣಿಸಿದೆ. ಒಂದೂ ತಪ್ಪಿರಲಿಲ್ಲ. ಅವರು ಹೇಳಿದ್ದೆಲ್ಲ ನಿಜ. ಚೀಲದ ತಳದಲ್ಲಿ ಒಂದು ಡಬ್ಬಿ, ಮುಚ್ಚಳಕ್ಕೆ ಹಳದಿ ಪುಡಿ ಮೆತ್ತಿಕೊಂಡಿತ್ತು.

“ಇದೇನಮ್ಮ?”

“ಗಂಟಲಿಗೆ. ಬಿಸಿನೀರಿಗೆ ಎರಡು ಚಮಚ ಹಾಕ್ಕೊಂಡು ಬೆಳಿಗ್ಗೆ, ರಾತ್ರಿ ಕುಡೀತೀನಿ. ಆ ಸಿಸ್ಟರಿಗೂ ಹೇಳಿದ್ನಲ್ಲ.”

ಜ್ಯೇಷ್ಠಮಧು. ತಿಂಗಳುಗಟ್ಟಲೆ ನಡೆದಿತ್ತು. ಓಡಿಹೋಗಿ ರಿಮಾರ್ಕ್ಸ್ ತೆರೆದರೆ, ಅಡ್ಮಿಶನ್ ಹೊತ್ತಿನಲ್ಲೇ ಸಿಸ್ಟರ್ ಟೈಪ್ ಮಾಡಿಟ್ಟಿದ್ದರು: ‘ಗಂಟಲಿಗೆ ಬೇರಿನ ಪುಡಿ, ದಿನಾ’. ಕೇಳಬೇಕಾದವರು ಕೇಳಿದ್ದರು, ಹೇಳಬೇಕಾದವರು ಹೇಳಿದ್ದರು. ನೋಡಬೇಕಾದವರ ಕಣ್ಣಿಗೆ ಬೀಳುವ ಜಾಗದಲ್ಲಿ ಅದು ಇರಲಿಲ್ಲ, ಅಷ್ಟೇ.

ಈ ಬೇರಿನಲ್ಲಿರುವ ಗ್ಲಿಸಿರೈಜಿನ್ ಮಾಡುವ ಕೆಲಸ ಇದು. ಕಾರ್ಟಿಸಾಲ್ ಹಾರ್ಮೋನು ಆಲ್ಡೋಸ್ಟಿರೋನಿನ ಜಾಗದಲ್ಲಿ ಬಂದು ಕೂರದಂತೆ ಮೂತ್ರಪಿಂಡದ ಒಂದು ಕಿಣ್ವ ಕಾವಲು ಕಾಯುತ್ತಿರುತ್ತದೆ. ಗ್ಲಿಸಿರೈಜಿನ್ ಆ ಕಿಣ್ವವನ್ನೇ ತಡೆಯುತ್ತದೆ. ಆಗ ಕಾರ್ಟಿಸಾಲ್ ಒಳಗೆ ನುಗ್ಗಿ ಉಪ್ಪುನೀರನ್ನು ಹಿಡಿದಿಡಿಸುತ್ತದೆ, ಪೊಟ್ಯಾಶಿಯಂ ಅನ್ನು ಹೊರಹಾಕಿಸುತ್ತದೆ. ಆಲ್ಡೋಸ್ಟಿರೋನ್ ಹೆಚ್ಚಾದಾಗ ಕಾಣುವ ಲಕ್ಷಣಗಳೆಲ್ಲ ಇರುತ್ತವೆ, ರಕ್ತದಲ್ಲಿ ನೋಡಿದರೆ ಆಲ್ಡೋಸ್ಟಿರೋನ್ ಕಡಿಮೆ. ಇವರ ರಿಪೋರ್ಟಿನಲ್ಲೂ ರೆನಿನ್, ಆಲ್ಡೋಸ್ಟಿರೋನ್ ಎರಡೂ ತಳಕಂಡಿದ್ದವು. ಸಿಟಿ ಸ್ಕ್ಯಾನಿನ ಮಾತು ಅಲ್ಲಿಗೇ ನಿಂತಿತು. ಗ್ಲಿಸಿರೈಜಿನ್ ದಿನಕ್ಕೆ 100 ಮಿಲಿಗ್ರಾಂ ಮೀರಬಾರದು ಎಂದು ಯುರೋಪಿನ ಆಹಾರ ತಜ್ಞರ ಸಮಿತಿ 2003ರಲ್ಲೇ ಹೇಳಿದೆ. ಇಂಥ ಡಬ್ಬಿಯ ಮೇಲೆ ಇರುವುದು ‘ಸಂಪೂರ್ಣ ನೈಸರ್ಗಿಕ’ ಎಂಬ ಎರಡೇ ಪದ.

ಪುಡಿ ನಿಲ್ಲಿಸಿ, ಆಲ್ಡೋಸ್ಟಿರೋನಿನ ಜಾಗವನ್ನೇ ಮುಚ್ಚಿ ಪೊಟ್ಯಾಶಿಯಂ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯನ್ನು ಕೆಲವು ದಿನ ಕೊಟ್ಟರು. ಬೇರಿನ ಪ್ರಭಾವ ಇಳಿಯಲು ವಾರಗಳೇ ಬೇಕಾಗುತ್ತವೆ, ಆದ್ದರಿಂದ ಡಿಸ್ಚಾರ್ಜ್ ಆದಮೇಲೂ ಪೊಟ್ಯಾಶಿಯಂ ನೋಡುತ್ತಲೇ ಇದ್ದೆವು. ನಂತರ ಓಪಿಡಿಗೆ ಬಂದಾಗ ಮೆಟೊಪ್ರೊಲಾಲ್ ಇಲ್ಲದೆಯೇ ಬಿಪಿ 136/84.

“ಒಂದು ಬೇರಿನ ಪುಡಿಯಿಂದ ಇಷ್ಟೆಲ್ಲ ಆಗುತ್ತಾ?” ಎಂದು ಹೊಸ ಡಾಕ್ಟರೊಬ್ಬರು ಕೇಳಿದರು. ಸರ್ಪಗಂಧಿಯ ಬೇರಿನಿಂದ 1952ರಲ್ಲಿ ರೆಸರ್ಪಿನ್ ಎಂಬ ಔಷಧಿ ಬೇರ್ಪಡಿಸಿದರು, ಜಗತ್ತೆಲ್ಲ ಅದನ್ನೇ ಬಿಪಿಗೆ ಬರೆಯುತ್ತಿತ್ತು. ಒಂದು ಬೇರು ಬಿಪಿ ಇಳಿಸಬಲ್ಲದು ಎಂದಮೇಲೆ ಇನ್ನೊಂದು ಏರಿಸಬಾರದೇಕೆ?

ಈಗ ನಮ್ಮ ವಾರ್ಡಿನಲ್ಲಿ ‘ಬೇರೆ ಔಷಧಿ ಇದೆಯಾ’ ಎಂದಷ್ಟೇ ಕೇಳಿ ಬಿಡುವುದಿಲ್ಲ. ಗಂಟಲಿಗೆ, ನಿದ್ದೆಗೆ, ತೂಕ ಇಳಿಸಲು, ಶಕ್ತಿಗೆ ಏನು ತೆಗೆದುಕೊಳ್ಳುತ್ತೀರಿ ಎಂದು ಒಂದೊಂದಾಗಿ ಕೇಳುತ್ತೇವೆ. ಉತ್ತರವನ್ನು ಡ್ರಗ್ ಚಾರ್ಟಿನ ಮೇಲೆ, ಅಲರ್ಜಿ ಚೌಕದ ಕೆಳಗೆ ಕೆಂಪು ಪೆನ್ನಿನಲ್ಲಿ ಬರೆಯುತ್ತೇವೆ. ತೂಕ ಇಳಿಸುವ ಡಬ್ಬಿಯಲ್ಲಿ ಎಫೆಡ್ರಾ ಎಂಬ ಗಿಡ ಇದ್ದರೆ ಬಿಪಿ, ನಾಡಿ ಎರಡೂ ಏರುತ್ತವೆ. ಅಂಥ ಸಪ್ಲಿಮೆಂಟ್‌ಗಳನ್ನು ಅಮೆರಿಕ 2004ರಲ್ಲೇ ನಿಷೇಧಿಸಿತು. ಯೊಹಿಂಬೆ ತೊಗಟೆಯೂ ಬಿಪಿ ಏರಿಸುತ್ತದೆ. ಮನಸ್ಸಿನ ಬೇಸರಕ್ಕೆಂದು ಸೇವಿಸುವ ಸೇಂಟ್ ಜಾನ್ಸ್ ವರ್ಟ್ ಗಿಡಮೂಲಿಕೆ ಬಿಪಿಯನ್ನು ಮುಟ್ಟದಿದ್ದರೂ, ನಿಫೆಡಿಪಿನ್ ಎಂಬ ಬಿಪಿ ಮಾತ್ರೆಯನ್ನು ಪಿತ್ತಜನಕಾಂಗ ಬೇಗ ಕರಗಿಸುವಂತೆ ಮಾಡುತ್ತದೆ. ಮಾತ್ರೆ ನುಂಗಿದರೂ ರಕ್ತದಲ್ಲಿ ಅದು ಸಾಕಷ್ಟಿರುವುದಿಲ್ಲ.

ಓಪಿಡಿಗೆ ಬಂದ ದಿನ ಆ ಅಮ್ಮ, “ಬೆಳ್ಳುಳ್ಳಿ ಕ್ಯಾಪ್ಸೂಲ್ ಒಳ್ಳೇದಂತಲ್ಲ, ತಗೊಳ್ಲಾ?” ಎಂದು ಕೇಳಿದರು. ಅದು ಬಿಪಿಯನ್ನು ಸ್ವಲ್ಪ ಇಳಿಸುತ್ತದೆ ನಿಜ, ಆದರೆ ನಿಮ್ಮ ಮಾತ್ರೆಯ ಬದಲಿಗಲ್ಲ, ರಕ್ತ ಹೆಪ್ಪುಗಟ್ಟುವುದನ್ನೂ ತಗ್ಗಿಸುತ್ತದೆ ಎಂದೆ. ಮುಂದಿನ ತಿಂಗಳು ಅವರಿಗೆ ಹಲ್ಲು ಕೀಳಿಸಬೇಕಿತ್ತು. ಅದು ಮುಗಿಯುವವರೆಗೆ ಬೇಡಮ್ಮ, ಆಮೇಲೆ ಶುರು ಮಾಡುವುದಾದರೂ ನಮಗೆ ಹೇಳಿ ಮಾಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.