ಹಳೇ ದೋಣಿಯೇ ಅಚ್ಚು

ಬೆಳಿಗ್ಗೆ ಮಹಡಿ ಮೇಲಿನ ನೀರಿನ ಟ್ಯಾಂಕ್ ಬಿರುಕಿಗೆ ಫೈಬರ್ ಹಾಕಿಸಿದೆ. ಹುಡುಗ ಬ್ರಷ್ಷಿನಲ್ಲಿ ರೆಸಿನ್ ಅನ್ನೋ ಗಟ್ಟಿಯಾಗುವ ಅಂಟು ಬಳಿದ, ಬಟ್ಟೆ ಅಂಟಿಸಿದ, ಮೇಲೆ ಇನ್ನೊಂದು ಸಲ ಬಳಿದ. ಆ ಘಾಟು ಇನ್ನೂ ಮೂಗಲ್ಲೇ ಇದೆ.

ಪೆನ್ ಡ್ಯುಯಿಕ್ ನೆನಪಾಯಿತು.

1898ರ ಹಾಯಿದೋಣಿ ಅದು. ನಕ್ಷೆ ಬರೆದವರು ಸ್ಕಾಟ್ಲೆಂಡಿನ ವಿಲಿಯಂ ಫೈಫ್. 1938ರಲ್ಲಿ ಫ್ರಾನ್ಸಿನ ಎರಿಕ್ ತಬಾರ್ಲಿಯ ಅಪ್ಪ ಅದನ್ನು ಕೊಂಡರು. ಆಮೇಲೆ ಯುದ್ಧ ಬಂತು, ದೋಣಿ ಮೂಲೆ ಸೇರಿತು. ಮಗನ ಕೈಗೆ ಬರುವಷ್ಟರಲ್ಲಿ ಮರವೆಲ್ಲ ಲಡ್ಡಾಗಿತ್ತು.

ಬೇರೆ ಯಾರಾದರೂ ಸೌದೆಗೆ ಕೊಟ್ಟುಬಿಡುತ್ತಿದ್ದರು, ಅಲ್ವಾ? ಎರಿಕ್ ಹತ್ತಿರ ಇದ್ದದ್ದು ನೌಕಾಪಡೆಯ ಸಂಬಳ ಅಷ್ಟೆ. 1958ರಲ್ಲಿ ಆ ಹಳೇ ಒಡಲನ್ನೇ ಅಚ್ಚು ಮಾಡಿಕೊಂಡ. ಅದರ ಮೇಲೆ ಫೈಬರ್ ಬಟ್ಟೆ, ರೆಸಿನ್, ಮತ್ತೆ ಬಟ್ಟೆ, ಮತ್ತೆ ರೆಸಿನ್. ಪದರ ಪದರವಾಗಿ ಹೊಸ ಮೈ ಬಂತು. ಮರ ಹೋಯಿತು, ಫೈಫ್ ಎಳೆದ ಆ ಚೆಂದದ ಬಾಗು ಹಾಗೇ ಉಳಿಯಿತು. ನನಗೆ ಇದೇ ತುಂಬಾ ಇಷ್ಟ.

1964ರಲ್ಲಿ ಇನ್ನೊಂದು ದೋಣಿಯಲ್ಲಿ ಒಬ್ಬನೇ ಅಟ್ಲಾಂಟಿಕ್ ದಾಟುವ ಪಂದ್ಯ ಗೆದ್ದ. ಫ್ರಾನ್ಸಿಗೆಲ್ಲ ಹೆಸರಾದ. ಆದರೂ ಈ ಹಳೇದನ್ನು ಬಿಡಲಿಲ್ಲ.

1998ರ ಜೂನ್. ದೋಣಿಗೆ ನೂರು ವರ್ಷ. ಫೈಫ್ ದೋಣಿಗಳೆಲ್ಲ ಸೇರುತ್ತಿದ್ದವು ಅಂತ ಸ್ಕಾಟ್ಲೆಂಡಿಗೆ ಹೊರಟಿದ್ದ. ವೇಲ್ಸ್ ಹತ್ತಿರ, ರಾತ್ರಿ ಹೊತ್ತು, ಅದೇ ದೋಣಿಯಿಂದ ಸಮುದ್ರಕ್ಕೆ ಬಿದ್ದುಹೋದ. ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ದೋಣಿ ಇವತ್ತಿಗೂ ಫ್ರಾನ್ಸಿನ ಕಡಲಲ್ಲಿ ಓಡಾಡುತ್ತಿದೆ. ಬ್ರೆಟನ್ ಭಾಷೆಯಲ್ಲಿ ಪೆನ್ ಡ್ಯುಯಿಕ್ ಅಂದರೆ ಕಪ್ಪು ತಲೆಯ ಪುಟ್ಟ ಹಕ್ಕಿ.