ಹಾರಿಹೋದ ಓಟ್ಸ್ ಮತ್ತು ಬೆಂದ ಸೇಬು

ಸೇಬು-ಓಟ್ಸ್‌ನ ಈ ಸಿಹಿಯನ್ನು ಮೊದಲ ಸಲ ಮಾಡಿದಾಗ ಹಣ್ಣಿನ ಮೇಲೆ ಓಟ್ಸನ್ನು ಸುಮ್ಮನೆ ಉದುರಿಸಿ ಏರ್ ಫ್ರೈಯರ್ ಒಳಗಿಟ್ಟಿದ್ದೆ. ಎರಡೇ ನಿಮಿಷಕ್ಕೆ ಸೀದ ವಾಸನೆ! ಒಳಗಿನ ಫ್ಯಾನ್ ಗಾಳಿಗೆ ಓಟ್ಸ್ ಹಾರಿ ಮೇಲಿನ ಬಿಸಿ ಕಾಯಿಲ್‌ಗೆ ಅಂಟಿಕೊಂಡಿತ್ತು. ಅದನ್ನು ಕೆರೆದು ತೆಗೆಯುವಷ್ಟರಲ್ಲಿ ಸಿಹಿ ತಿನ್ನುವ ಆಸೆಯೇ ಸತ್ತಿತ್ತು.

ಈಗ ಹಾಗಲ್ಲ. 4 ದೊಡ್ಡ ಚಮಚ ಓಟ್ಸಿಗೆ 1 ದೊಡ್ಡ ಚಮಚ ಕರಗಿಸಿದ ಬೆಣ್ಣೆ, 2 ಟೀ ಚಮಚ ಸಕ್ಕರೆ, ಚಿಟಿಕೆ ಉಪ್ಪು ಹಾಕಿ, ಹಿಡಿದರೆ ಉಂಡೆಯಾಗುವ ಹಾಗೆ ಕಲಸುತ್ತೇನೆ. 2 ಸೇಬನ್ನು ಸಿಪ್ಪೆಸಮೇತ ಸಣ್ಣಗೆ ಹೆಚ್ಚಿ, ನಿಂಬೆರಸ, ದಾಲ್ಚಿನ್ನಿ ಪುಡಿ ಬೆರೆಸಿ ಪುಟ್ಟ ಬಟ್ಟಲಿಗೆ ಹಾಕುತ್ತೇನೆ. ಹಣ್ಣಿಗೆ ಬೇರೆ ಸಕ್ಕರೆ ಬೇಡ, ಬೆಂದಾಗ ಅದರ ರಸವೇ ಪಾಕದಂತಾಗುತ್ತದೆ. ತುಸು ಹುಳಿ ಸೇಬಾದರೆ ಇನ್ನೂ ಚೆನ್ನ, ಮೆತ್ತಗಿನದು ಮುದ್ದೆಯಾಗುತ್ತದೆ.

ಬಟ್ಟಲಿಗೆ ಫಾಯಿಲ್ ಬಿಗಿಯಾಗಿ ಸುತ್ತಿ (ಸಡಿಲವಿದ್ದರೆ ಅದೂ ಹಾರುತ್ತದೆ, ಗೊತ್ತಾಯಿತಲ್ಲ!) 160 ಡಿಗ್ರಿಯಲ್ಲಿ 12 ನಿಮಿಷ. ಆಮೇಲೆ ಓಟ್ಸ್ ಹರಡಿ, ಚಮಚದ ಬೆನ್ನಿನಿಂದ ಒತ್ತಿ, ಫಾಯಿಲ್ ಇಲ್ಲದೆ ಇನ್ನು 6 ನಿಮಿಷ. ಕೊನೆಯ ಎರಡು ನಿಮಿಷ ನಾನಂತೂ ಅಲ್ಲೇ ನಿಂತಿರುತ್ತೇನೆ.

ಹತ್ತು ನಿಮಿಷ ಆರಲು ಬಿಟ್ಟರೆ ಮೇಲ್ಪದರ ಗರಿಗರಿಯಾಗುತ್ತದೆ. ಮೇಲೆ ಐಸ್‌ಕ್ರೀಮ್ ಬದಲು ತಣ್ಣನೆಯ ಗಟ್ಟಿ ಮೊಸರು ಹಾಕಿಕೊಳ್ಳುತ್ತೇನೆ. ಬಟ್ಟಲು ತೊಳೆಯುವ ಮುಂಚೆ ಅಂಚಿಗಂಟಿದ್ದನ್ನು ಕೆರೆದು ತಿನ್ನುವ ಹಕ್ಕು ಮಾಡಿದವರದ್ದೇ.